ಬಣ್ಣ ಹತ್ತಿದ ಬೆರಳು

ಬೆಟಗೇರಿಯೊಳಗ ಕಿವಿಲೇನ ಸರ್ವೆ ಮಾಡಬಹುದಿತ್ತು.
ಮಗ್ಗ ಆಡ್ತಿದ್ರ ಆ ಮನೀಯವ್ರು ಆರಾಮ,
ನಿಂತಿದ್ರ ಕದಾ ಬಡೀಬೇಕು.
ಇದನ್ನ ಟ್ರೇನಿಂಗಿನ್ಯಾಗ ಯಾರೂ ಹೇಳಿಕೊಟ್ಟಿದ್ದಲ್ಲ.

ಆಮ್ಯಾಲೆ ನೂಲು ಬರೂದು ನಿಂತು
ಓಣಿಗೆ ಓಣೀನ ಸುಮ್ಮನಾತು.
ಯಾವ ಮನಿ ಜ್ವರದಿಂದ ಸುಮ್ಮನೈತಿ
ಯಾವುದು ನೂಲಿಲ್ಲದ ಸುಮ್ಮನೈತಿ
ಒಂದೂ ತಿಳೀದಂಗಾಗಿ
ಎಲ್ಲಾ ಕದಾ ಬಡದೆ.

ಗುಲಾಬಿ ಸೀರಿ ಕಂಡ್ರ ಕಿಡಕಿ ಮುಚ್ಚತಿದ್ರು.
ಹ್ವಾದ ವರ್ಷ ಇದ ಸೀರಿ ಕಂಡು
ಬಾರವಾ ಆಶಾ, ಚಾ ಕುಡದು ಹೋಗು ಅಂದ ಮಂದಿ.
(ನನ್ನ ಹೆಸರು ಕಸ್ತೂರೆವ್ವ. ಇರಲಿ.)
ಒಬ್ಬಾಕಿ ಹೊಚ್ಚಲದಾಗ ನಿಂತು ಅಂದ್ಲು:
ನಿನ್ನ ಚೀಲದಾಗನ ಐತಿ ಅದು, ಒಯ್ಯಿ ಆಚೆ.
ಚೀಲದಾಗ ಏನಿತ್ತು?
ರಿಜಿಸ್ಟರು, ಥರ್ಮಾಮೀಟರು,
ಬೆರಳಿಗೆ ಹಚ್ಚೂ ಮಷೀನು,
ಎರಡು ರೊಟ್ಟಿ, ಪುಂಡಿಪಲ್ಲೆ.
ಎಲ್ಲಿ ಕುಂತು ತಿನ್ನಬೇಕಂತ ತಿಳೀದ
ಎಷ್ಟೋ ದಿನ ಆ ರೊಟ್ಟಿ ಹೊಳ್ಳಿ ಮನಿಗೆ ಬಂದಾವ.

ಮಾರ್ಕಂಡಪ್ಪ ನೂಲಿಗೆ ಬಣ್ಣ ಹಾಕಾಂವ.
ಐವತ್ತು ವರ್ಷ ನೀಲಿ ಬಾನಿಯೊಳಗ ಕೈ.
ಉಗುರು, ಉಗುರಿನ ಸಂದಿ, ಬೆರಳಿನ ಗೆರಿ
ಎಲ್ಲಾ ನೀಲಿ.
ಮಷೀನು ಹಚ್ಚಿದ್ರ ಬರೇ ಗೀಟು.
ಇನ್ನೊಂದು ಬೆರಳು ಕೊಡ್ರಿ ಅಂದೆ. ಅದೂ ಗೀಟು.
ಹತ್ತೂ ಮುಗದ್ವು.
ಉಗುರು ನೀಲಿ ಕಂಡ್ರ ತಡಾ ಮಾಡಬ್ಯಾಡ್ರಿ,
ಆಂಬುಲೆನ್ಸಿಗೆ ಫೋನ್ ಹಚ್ರಿ ಅಂದಿದ್ರು ಡಾಕ್ಟರು.
ಈ ಮನಷ್ಯಾ ಹುಡುಗ ಇದ್ದಾಗಿಂದ ನೀಲಿ!
ನಕ್ಕ ಆತ. ಮಾಸ್ಕಿನ್ಯಾಗ ನಾನೂ ನಕ್ಕೆ.
"ಯಮ ಬಂದ್ರೂ ಅವಗೂ ಗೀಟ ತೋರಸ್ತದಬೇ ತಂಗಿ" ಅಂದ.
ಮಾತಿನ ನಡುವ ಎರಡು ಸಲ ಉಸಿರು ಎಳಕೊಂಡ.
ಅದು ನನಗ ಆಮ್ಯಾಲೆ ನೆನಪಾತು.

ಕಾಲಬೆರಳಿಗೆ ಹಚ್ಚಬೇಕಿತ್ತು.
ಅಷ್ಟ. ಕಾಲಬೆರಳಿಗೆ ಹಚ್ಚಬೇಕಿತ್ತು.
ಒಂಬತ್ತು ದಿನ ಕಳದು
ಹಿರೇ ನರ್ಸಬಾಯಾರು ಮಾತಿಗೆ ಮಾತು ಬಂದು ಹೇಳಿದ್ರು.
ಅಷ್ಟೊತ್ತಿಗೆ ಆ ಮನೀಗೆ ತಗಡು ಹೊಡದಾಗಿತ್ತು,
ಮೊಳೆ ಹೊಡೆಯೂ ಹುಡುಗಗ
ತಗಡಿನ ಒಂದು ತುದಿ ನಾನ ಹಿಡದಿದ್ದೆ.
ರಿಜಿಸ್ಟರಿನ್ಯಾಗ ಅವನ ಹೆಸರಿನ ಮುಂದ
ನನ್ನ ಅಕ್ಷರ ಇನ್ನೂ ಐತಿ:
ಆರಾಮ ಅದಾರ. ನಗತಾರ.

ರಾತ್ರಿ ಹಿತ್ತಲದಾಗ ಜಳಕಾ ಮಾಡಿ
ಸುಡೂ ನೀರಾಗ ಸೀರಿ ಅದ್ದತಿದ್ದೆ.
ದಿನಾ ಅದ್ದಿ ಅದ್ದಿ ಬಣ್ಣ ಬಿಟ್ಟು
ನನ್ನ ಉಗುರು ಗುಲಾಬಿ ಆದ್ವು.
ಮಗಾ ಬಾಗಿಲ ಆಚೆ ನಿಂತು ಲೆಕ್ಕದ ಬಾಯಿಪಾಠ ಒಪ್ಪಸ್ತಿದ್ದ,
ಹದಿಮೂರರ ಮಗ್ಗಿಯೊಳಗ ತಪ್ಪಿದ್ರೂ
ಹೂಂ, ಹೂಂ ಅಂತಿದ್ದೆ.

ಒಂದಿನ ಗದಗಿನ ಆಫೀಸಿನಿಂದ ಫೋನು.
ಸಣ್ಣ ಹುಡುಗಿ ದನಿ, ಓದಿಧಂಗ ಮಾತು:
"ಕಾರ್ಯಕರ್ತೆಯರ ಮಾನಸಿಕ ಆರೋಗ್ಯ ವಿಚಾರಿಸಲು
ಕರೆ ಮಾಡಿದ್ದೇವೆ. ನಿದ್ದೆ ಬರುತ್ತಿದೆಯೇ?
ನಿಮ್ಮ ಮನಸ್ಸಿಗೆ ಒಂದರಿಂದ ಹತ್ತರೊಳಗೆ
ಒಂದು ಅಂಕಿ ಕೊಡಿ."
ಮೂರು ತಿಂಗಳ ಪಗಾರ ಯಾವಾಗ ಅಂತ ಕೇಳೂಣು ಅಂದ್ರ
ಆ ಪ್ರಶ್ನೆ ಆಕಿ ಹಾಳ್ಯಾಗ ಇರಲಿಲ್ಲ.
ಅಂಕಿ ಅಂದ್ರ ನನಗ ತೊಂಬತ್ನಾಕು, ತೊಂಬತ್ತೊಂದು, ಎಂಬತ್ತಾರು.
ಗೀಟು ಅಂದೆ.
"ಏನಂದ್ರಿ?"
ಗೀಟು ತೋರಸಾಕತ್ತೈತ್ರಿ. ಹಂಗ ಬರಕೊಳ್ರಿ.
ಸುಮ್ಮನಾದ್ಲು. ಆ ಕಡೆ ಫ್ಯಾನಿನ ಸಪ್ಪಳ.
ಎಲ್ಲೋ ಯಾರೋ ಇನ್ನೊಬ್ಬರು
ಇದ ಪ್ರಶ್ನಿ ಇನ್ನೊಬ್ಬಾಕಿಗೆ ಕೇಳಾಕತ್ತಿದ್ರು.
ಆಮ್ಯಾಲೆ ಹಾಳಿ ಬಿಟ್ಟು, ತನ್ನ ದನೀಲೆ ಕೇಳಿದ್ಲು:
"ಊಟಾ ಆತೇನ್ರಿ ಅಕ್ಕಾರ?"
ಅದಕ್ಕ ನಾ ಅತ್ತೆ ನೋಡ್ರಿ,
ಫೋನಿನ ದುಡ್ಡು ಯಾರ್ದು ಅನ್ನೂದೂ ಮರತು.

ಈಗ ಮಗ್ಗ ಆಡಾಕತ್ತಾವ.
ಬಾನಿ ಮುಂದ ಮಾರ್ಕಂಡಪ್ಪನ ಸೊಸಿ ಅಂಬವ್ವ,
ಮೊಳಕೈ ತನಕ ನೀಲಿ.
ನಾ ಹ್ವಾದ್ರ ಕೈ ನೀಡೂದಿಲ್ಲ,
ಏನೂ ಅನ್ನದ ಕಾಲು ಚಾಚತಾಳ.
ನೆಲಕ್ಕ ಕುಂತು ಹೆಬ್ಬೆರಳಿಗೆ ಮಷೀನು ಹಚ್ಚಿ
ಕೆಂಪು ದೀಪ ನೋಡತೀನಿ.
ತೊಂಬತ್ತೆಂಟು.
"ಆತಲ್ಲಬೇ, ಮತ್ತ್ಯಾಕ ಹಚ್ಚತಿ?" ಅಂತಾಳ.
ಹೂಂ ಅಂತೀನಿ.
ಇನ್ನೊಂದು ಕಾಲು ಕೊಡು ಅಂತೀನಿ.